ನೇಮಿನಾಥರು ಸ್ಪೈನ್ ನೋಡಿದ್ದು

ಹಳೇಬೀಡಿಗೆ ಬರುವವರೆಲ್ಲ ಕಲ್ಲು ನೋಡಲು ಬರುತ್ತಾರೆ. ಸ್ಟೀಲು ನೋಡಲು ಯಾರೂ ಬರುವುದಿಲ್ಲ. ಬಸದಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ನೇಮಿನಾಥರಿಗೆ ಇದಕ್ಕಿಂತ ದೊಡ್ಡ ದುಃಖ ಇನ್ನೊಂದಿರಲಿಲ್ಲ ಎಂದು ಹೇಳಬಹುದಿತ್ತು, ಅವರ ಹೆಂಡತಿ ಯಶೋಧಾಳ ತಮ್ಮ ವರ್ಧಮಾನ್ ಹಲ್ಲಿನ ಡಾಕ್ಟರಾಗದೇ ಇದ್ದಿದ್ದರೆ.

ವರ್ಧಮಾನ್ ಹಾಸನದಲ್ಲಿ ಹಲ್ಲು ಕೀಳುತ್ತಿದ್ದ. ಅದೇನು ಅಂಥ ಘನಕಾರ್ಯವಲ್ಲ, ನಮ್ಮ ಅಜ್ಜಂದಿರು ಬಾಗಿಲಿಗೆ ದಾರ ಕಟ್ಟಿ ತಾವೇ ಕಿತ್ತುಕೊಳ್ಳುತ್ತಿದ್ದರು ಎಂಬುದು ನೇಮಿನಾಥರ ವಾದ. ಆದರೆ ಯಾವುದೇ ಸಮಾರಂಭದಲ್ಲಿ "ಇವರು ಡಾಕ್ಟರ್ ವರ್ಧಮಾನ್" ಎಂದು ಪರಿಚಯ ಮಾಡಿಸಿದರೆ ಎದುರಿಗಿದ್ದವರು ತಕ್ಷಣ ಬಾಯಿ ಮುಚ್ಚಿಕೊಂಡು ಭಕ್ತಿಯಿಂದ ಕೈಮುಗಿಯುತ್ತಿದ್ದರು. ಆಮೇಲೆ ನೇಮಿನಾಥರ ಕಡೆ ಕೈ ತೋರಿಸಿ "ಇವರು ಡಾಕ್ಟರ ಭಾವ" ಎನ್ನುತ್ತಿದ್ದರು. ಭಾವನಾಗಿರುವುದು ಒಂದು ಉದ್ಯೋಗವೇ? ನೇಮಿನಾಥರು ಈ ಪ್ರಶ್ನೆಯನ್ನು ಯಶೋಧಾಗೆ ಆಗಾಗ ಕೇಳುತ್ತಿದ್ದರು. "ನಿಮಗೆ ಅದೂ ಸರಿಯಾಗಿ ಬರಲ್ಲ" ಎಂದು ಆಕೆ ಉತ್ತರ ಕೊಡುತ್ತಿದ್ದಳು.

ಅವರ ಮಗಳು ತ್ರಿಶಾ ಪಿಯುಸಿ ಓದುತ್ತಿದ್ದಳು. ಓದಿಗಿಂತ ಹೆಚ್ಚಾಗಿ ಬಿದಿರಿನ ಬಿಲ್ಲು ಹಿಡಿದು ಬಾಣ ಬಿಡುತ್ತಿದ್ದಳು. ನೇಮಿನಾಥರ ತಾಯಿ ಮೊದಲಿಗೆ "ಬಾಣ ಅಂದ್ರೆ ಹಿಂಸೆ ಅಲ್ವೇನೇ?" ಎಂದು ತಕರಾರು ತೆಗೆದಿದ್ದರು. ಗುರಿಹಲಗೆಯಲ್ಲಿರುವುದು ಬರೀ ಒಣಹುಲ್ಲು ಎಂದು ತ್ರಿಶಾ ಮುಟ್ಟಿಸಿ ತೋರಿಸಿದ ಮೇಲೂ "ಒಳಗೆ ಇರುವೆ ಇದ್ರೆ?" ಎಂದರು. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಅಭ್ಯಾಸಕ್ಕೆ ಮುಂಚೆ ಗುರಿಹಲಗೆಯನ್ನು ತಟ್ಟಿ, ಇರುವೆಗಳಿಗೆ ಸೂಚನೆ ಕೊಟ್ಟು, ಆಮೇಲೆ ಬಾಣ ಬಿಡುವ ಬಿಲ್ಲುಗಾರ್ತಿ ಇವಳೊಬ್ಬಳೇ.

ಹಳೇಬೀಡಿನ ಮೈದಾನದಲ್ಲಿ ರಾಜ್ಯ ತಂಡದ ಆಯ್ಕೆ ನಡೆಯಲಿದೆ ಎಂದು ಗೊತ್ತಾದ ದಿನ ಅವಳು ಒಂದು ಕಟ್ಟು ಬಿದಿರಿನ ಬಾಣ ತಂದು ಅಪ್ಪನ ಮುಂದೆ ಇಟ್ಟಳು.

"ಅಪ್ಪಾ, ನೋಡೋಕೆ ಎಲ್ಲಾ ಒಂದೇ ಥರ ಇದೆ. ಆದ್ರೆ ಚೂರು ಸೊಟ್ಟ ಇದ್ರೂ ಅಲ್ಲಾಡ್ಕೊಂಡು ಹೋಗುತ್ತೆ. ನೇರ ಇದ್ರೂ ಸಾಲಲ್ಲ. ಒಂದು ಗಡುಸು, ಇನ್ನೊಂದು ಮೆತ್ತಗೆ ಇದ್ರೆ, ನಾನು ಒಂದೇ ಕಡೆ ಗುರಿ ಇಟ್ರೂ ಗಡುಸಿಂದು ಎಡಕ್ಕೆ, ಮೆತ್ತಂದು ಬಲಕ್ಕೆ ಹೋಗಿಬಿಡುತ್ತೆ. ಎಷ್ಟು ಬಾಗುತ್ತೆ ಅನ್ನೋದಕ್ಕೆ ಸ್ಪೈನ್ ಅಂತಾರೆ. ಎಲ್ಲದರ ಸ್ಪೈನೂ ಒಂದೇ ಇರೋ ಹಾಗೆ ಆರಿಸ್ಬೇಕು. ನಿನ್ನ ಹತ್ರ ತೂಕದ ಬಟ್ಟು ಇದೆಯಲ್ಲ, ಮಾಡ್ಕೊಡ್ತೀಯಾ?"

ಪಾತ್ರೆ ತೂಗುವುದಕ್ಕಲ್ಲದೆ ಬೇರೆ ಯಾವುದಕ್ಕೂ ತಮ್ಮನ್ನು ಯಾರೂ ಕೇಳದಿದ್ದ ನೇಮಿನಾಥರಿಗೆ ಎದೆ ಉಬ್ಬಿತು. ಅಂಗಡಿಯ ಗಾಜಿನ ಮೇಜಿನ ಮೇಲೆ ಬಾಣಗಳನ್ನು ಒಂದೊಂದಾಗಿ ಉರುಳಿಸಿದರು. ನೇರವಾದದ್ದು ಸದ್ದಿಲ್ಲದೆ ಉರುಳುತ್ತಿತ್ತು. ಸೊಟ್ಟಗಿದ್ದದ್ದು ಟಕಟಕ ಎನ್ನುತ್ತಿತ್ತು. ಸೊಟ್ಟಗಿದ್ದದ್ದನ್ನು ದೀಪದ ಮೇಲೆ ಬಿಸಿ ಮಾಡಿ ಒತ್ತಿ ನೇರ ಮಾಡಿದರು. ಆಮೇಲೆ ಹಲಗೆಗೆ ಎರಡು ಮೊಳೆ ಹೊಡೆದು, ಅವುಗಳ ಮೇಲೆ ಬಾಣವನ್ನು ಅಡ್ಡ ಮಲಗಿಸಿ, ನಡುವಿಗೆ ಬಟ್ಟು ನೇತುಹಾಕಿ, ಎಷ್ಟು ಬಾಗುತ್ತದೆ ಎಂದು ಅಳತೆಪಟ್ಟಿ ಹಿಡಿದು ನೋಡಿದರು. ಗಿರಾಕಿ ಬಂದು ಕುಕ್ಕರ್ ಕೇಳಿದರೆ "ತಾಳಿ, ಸ್ಪೈನ್ ನೋಡ್ತಿದೀನಿ" ಎನ್ನುತ್ತಿದ್ದರು.

ಕೆಲಸ ಅರ್ಧವಾಗಿತ್ತು. ಅಷ್ಟರಲ್ಲಿ ಅರಸೀಕೆರೆಯ ಕೊಬ್ಬರಿ ವರ್ತಕರೊಬ್ಬರ ಗೃಹಪ್ರವೇಶ ಬಂತು.

ಅಲ್ಲಿ ಎಂದಿನಂತೆ ವರ್ಧಮಾನ್ ಡಾಕ್ಟರಾದ, ನೇಮಿನಾಥರು ಭಾವನಾದರು. ಊಟದ ಪಂಕ್ತಿಯಲ್ಲಿ ಒಬ್ಬರು ಹೋಳಿಗೆ ಪಕ್ಕಕ್ಕಿಟ್ಟು ವರ್ಧಮಾನನಿಗೆ ದವಡೆ ತೋರಿಸುತ್ತಿದ್ದರು. ನೇಮಿನಾಥರ ಪಕ್ಕದಲ್ಲಿ ಕೂತಿದ್ದ ಮನೆಯೊಡೆಯರ ತಾಯಿ ಸುಮಿತ್ರಮ್ಮ ಮರ್ಯಾದೆಗೆಂದು ಕೇಳಿದರು:

"ತಾವೇನು ಮಾಡ್ಕಂಡಿದೀರಿ ಸ್ವಾಮಿ?"

ನೇಮಿನಾಥರು ಒಮ್ಮೆ ವರ್ಧಮಾನನನ್ನೂ ಒಮ್ಮೆ ಆ ದವಡೆಯನ್ನೂ ನೋಡಿದರು.

"ನಾನು ಸ್ಪೈನ್ ನೋಡ್ತೀನಿ" ಎಂದರು.

ಇದು ಸುಳ್ಳಲ್ಲ. ಸತ್ಯವ್ರತದಲ್ಲಿ ಅವರಿಗೆ ಬಲವಾದ ನಂಬಿಕೆ ಇತ್ತು.

"ಸ್ಪೈನು ಅಂದ್ರೆ ಬೆನ್ನುಮೂಳೆ ಅಲ್ವಾ?"

"ಹಾಗೂ ಅಂತಾರೆ." ಇದೂ ಸುಳ್ಳಲ್ಲ.

"ಸೊಟ್ಟಗಾಗಿದ್ರೆ ನೇರ ಮಾಡ್ತೀರಾ?"

"ಮಾಡಿದೀನಿ."

ಸುಮಿತ್ರಮ್ಮ ಅಡುಗೆಯವರನ್ನು ಕೂಗಿ ಬೆನ್ನುಮೂಳೆ ಡಾಕ್ಟರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ತುಪ್ಪವನ್ನು ತಾವೇ ಬಡಿಸಿದರು. ನೇಮಿನಾಥರು ಬಾಯಿ ತೆರೆದು ವಿಷಯ ಬಿಡಿಸಿ ಹೇಳಬೇಕೆಂದಿದ್ದರು. ಆದರೆ ಬಾಯಲ್ಲಿ ಹೋಳಿಗೆ ಇತ್ತು.

ಮುಂದಿನ ಸೋಮವಾರ ಸುಮಿತ್ರಮ್ಮ ಜವರಪ್ಪನ ಟೆಂಪೋ ಮಾಡಿಕೊಂಡು ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ ಬಂದಿಳಿದರು. ಆ ಹೊತ್ತಿನಲ್ಲಿ ನೇಮಿನಾಥರು ಬೀದಿಗೆ ಬೆನ್ನು ಹಾಕಿ, ತ್ರಿಶಾಳಿಗೆ ಬಿಲ್ಲು ಕಲಿಸುವ ಮೇಷ್ಟರ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು.

"ಮೇಷ್ಟ್ರೇ, ಬೆಳಿಗ್ಗೆ ನೋಡಿದ್ರಲ್ಲಿ ಮೂರು ತೀರಾ ಸೊಟ್ಟ. ದೀಪದ ಮೇಲೆ ಚೆನ್ನಾಗಿ ಕಾಯಿಸಿ, ಮಂಡಿ ಕೊಟ್ಟು ಒತ್ತಿದೆ. ಎರಡು ನೇರ ಆಯ್ತು. ಇನ್ನೊಂದು ಲಟಕ್ ಅಂತು. ಹೋದ್ರೆ ಹೋಗ್ಲಿ, ಬಚ್ಚಲ ಒಲೆಗೆ ಹಾಕ್ದೆ."

ಸುಮಿತ್ರಮ್ಮ ಟೆಂಪೋ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡರು. "ಜವರಪ್ಪಾ, ಗಾಡಿ ತಿರುಗ್ಸು."

"ಬಂದದ್ದು ಬಂದಿದೀವಿ ಕಣಮ್ಮ" ಎಂದ ಜವರಪ್ಪ. "ಎರಡು ನೇರ ಆಗವೆ ಅಂತಲ್ಲ."

ನೇಮಿನಾಥರು ತಿರುಗಿ ನೋಡಿದರು. ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ಆದರೆ ಸುಮಿತ್ರಮ್ಮ ಕೈಮುಗಿದು "ಡಾಕ್ಟ್ರೇ" ಎಂದುಬಿಟ್ಟರು. ಆ ಪದ ನೇಮಿನಾಥರ ಕಿವಿಯೊಳಗೆ ಹೋಗಿ ಅಲ್ಲೇ ಬಿಡಾರ ಹೂಡಿತು.

"ನನ್ನೂ ಕಾಯಿಸ್ತೀರಾ?"

"ಬೇಡ ಬೇಡ. ನೀವು ಮಲಗೋದು ಎಲ್ಲಿ?"

"ಹೊಸ ಮನೆಗೆ ಅಂತ ಮಗ ಸ್ಪಂಜಿನ ಹಾಸಿಗೆ ತಂದವ್ನೆ. ಮಲಗಿದ್ರೆ ಬಾವಿಗೆ ಬಿದ್ದಂಗಾಯ್ತದೆ. ಅವತ್ತಿಂದ್ಲೇ ನೋವು."

"ಚಾಪೆ ಮೇಲೆ ಮಲಗಿ" ಎಂದರು ನೇಮಿನಾಥರು. ಅವರಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ. ಆದರೆ ಆ ಹಾಸಿಗೆಯ ಮೇಲೆ ಮಲಗಿದ ಯಾರಿಗೇ ಆಗಲಿ ಇಷ್ಟೇ ಸಾಕಾಗುತ್ತಿತ್ತು. ವಾರ ಕಳೆಯುವುದರೊಳಗೆ ಸುಮಿತ್ರಮ್ಮ ನೆಟ್ಟಗೆ ನಡೆದರು. ನೆಟ್ಟಗೆ ನಡೆದದ್ದಲ್ಲದೆ ಅರಸೀಕೆರೆಯ ಮನೆಮನೆಗೂ ನಡೆದರು.

ಆಮೇಲೆ ಜಾವಗಲ್‌ನಿಂದ ಬಂದರು, ಹಾರನಹಳ್ಳಿಯಿಂದ ಬಂದರು, ಅರೇಹಳ್ಳಿ ಬಸ್ಸಿನ ಕಂಡಕ್ಟರು "ಬೆನ್ನು ಡಾಕ್ಟ್ರ ಸ್ಟಾಪ್" ಎಂದು ಕೂಗತೊಡಗಿದ. ನೇಮಿನಾಥರು ಎಲ್ಲರಿಗೂ ಚಾಪೆಯನ್ನೇ ಹೇಳಿದರು. ಚಾಪೆಯ ಮೇಲೇ ಮಲಗುತ್ತಿದ್ದವರಿಗೆ ಚಾಪೆಯನ್ನು ಇನ್ನೊಂದು ಗೋಡೆಯ ಕಡೆಗೆ ಎಳೆದುಕೊಳ್ಳಲು ಹೇಳಿದರು. ಫೀಸು ಮುಟ್ಟುತ್ತಿರಲಿಲ್ಲವಾದ್ದರಿಂದ ಜನ ಸಂಕೋಚಪಟ್ಟು ಒಂದೊಂದು ಲೋಟವೋ ಸೌಟೋ ಕೊಂಡು ಹೋಗುತ್ತಿದ್ದರು. ತಾಲ್ಲೂಕಿನಲ್ಲಿ ಬೆನ್ನುನೋವು ಎಷ್ಟು ಹಬ್ಬಿತ್ತೋ ಅಷ್ಟು ಸೌಟು ಹಬ್ಬಿತು.

"ರೀ, ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಯಶೋಧಾ ಹೆದರಿದಳು.

"ಚಾಪೆ ಮೇಲೆ ಮಲಗಿದೋರು ಬೀಳೋಕೆ ಕೆಳಗೆ ಜಾಗ ಎಲ್ಲಿದೆ ಕಣೇ?"

"ಅಪ್ಪಾ, ನನ್ನ ಬಾಣ?" ಎಂದು ತ್ರಿಶಾ ಕೇಳಿದಳು.

"ನಾಳೆ. ಹೊರಗೆ ಪೇಷಂಟ್ ಕಾಯ್ತಿದಾರೆ" ಎಂದರು ನೇಮಿನಾಥರು. ತ್ರಿಶಾ ಅಪ್ಪನನ್ನು ಒಂದು ಸಲ ನೋಡಿ, ತನ್ನ ಬಾಣಗಳ ಕಟ್ಟನ್ನು ಎತ್ತಿಕೊಂಡು ಒಳಗೆ ಹೋದಳು.

ಈ ನಡುವೆ ಆಯ್ಕೆ ನಡೆಸುವ ಬಿಲ್ವಿದ್ಯಾ ಪ್ರೋತ್ಸಾಹಕ ಸಂಘದವರು ಒಂದು ಪ್ರಕಟಣೆ ಹೊರಡಿಸಿದರು. ಸಂಘದ ಅಧ್ಯಕ್ಷರೂ ಜನನಾಯಕರೂ ಆದ ಕರಿಬಸವಯ್ಯನವರು ಕ್ರೀಡೆಯ ಮೇಲಿನ ಪ್ರೀತಿಯಿಂದ ಬಣ್ಣಬಣ್ಣದ ಬಾಣಗಳನ್ನು ಕೊಡಿಸಿರುವುದರಿಂದ, ಎಲ್ಲ ಸ್ಪರ್ಧಿಗಳೂ ಅವುಗಳನ್ನೇ ಬಳಸತಕ್ಕದ್ದು. ಬಾಣಗಳನ್ನು ಸರಬರಾಜು ಮಾಡಿದವನು ಕರಿಬಸವಯ್ಯನವರ ಭಾಮೈದ. ಅವನಿಗೂ ಕ್ರೀಡೆಯ ಮೇಲೆ ಪ್ರೀತಿ ಇತ್ತು. ತಾಲ್ಲೂಕಿನ ಶಾಲೆಗಳಿಗೆಲ್ಲ ಚೆಂಡು, ಬ್ಯಾಟು ಸರಬರಾಜು ಮಾಡುತ್ತಿದ್ದವನೂ ಅವನೇ.

ಮೇಷ್ಟರು ಆ ಬಾಣಗಳ ಒಂದು ಕಟ್ಟನ್ನು ನೇಮಿನಾಥರಿಗೆ ಕಳಿಸಿ, "ಕರಿಬಸವಯ್ಯನೋರದ್ದು ಒಂದು ಸಲ ನೋಡ್ಬಿಡಿ" ಎಂದು ಫೋನ್ ಮಾಡಿದರು. ನೇಮಿನಾಥರು ರೋಗಿಗಳಿಲ್ಲದ ಹೊತ್ತಿನಲ್ಲಿ ಒಂದನ್ನು ಉರುಳಿಸಿದರು. ಅದು ಮೇಜಿನ ಮೇಲೆ ಕಪ್ಪೆಯಂತೆ ನೆಗೆಯಿತು. ಇನ್ನೊಂದಕ್ಕೆ ಬಟ್ಟು ನೇತುಹಾಕಿದರು. ಅದು ಬಾಳೆಗೊನೆ ಹೊತ್ತ ಗಿಡದಂತೆ ಬಗ್ಗಿತು. ಅವರು ತಲೆ ಚಚ್ಚಿಕೊಂಡು, ಕಟ್ಟನ್ನು ಮೇಜಿನ ಕೆಳಗೆ ತಳ್ಳಿದರು.

ಅದೇ ಸಂಜೆ ಕರಿಬಸವಯ್ಯನವರ ಕಾರು ಅಂಗಡಿಯ ಮುಂದೆ ನಿಂತಿತು. ಚುನಾವಣೆ ಹತ್ತಿರ ಬರುತ್ತಿದ್ದುದರಿಂದ ತಮ್ಮ ಬೆನ್ನುನೋವಿನ ಸುದ್ದಿ ಯಾರಿಗೂ ಗೊತ್ತಾಗಬಾರದೆಂದು ಅವರು ಗುಟ್ಟಾಗಿ ಬಂದಿದ್ದರು. ಗುಟ್ಟಾಗಿ ಎಂದರೆ ಜೊತೆಗೆ ಹಿಂಬಾಲಕ ಚೇತನ್‌ಕುಮಾರ್ ಒಬ್ಬನೇ. ಚೇತನ್‌ಕುಮಾರನಿಗೆ ನಾಯಕರು ಕಾರಿನಿಂದ ಇಳಿದ ಕೂಡಲೇ ಮೊಬೈಲ್ ಎತ್ತಿ ಲೈವ್ ಹಾಕುವ ಅಭ್ಯಾಸ. ಆವತ್ತೂ ಅವನ ಕೈ ತಾನಾಗಿಯೇ ಮೇಲೆದ್ದಿತು.

ಬಾಣ ಕೊಡಿಸಿದವರೇ ಎದುರು ನಿಂತಾಗ ನೇಮಿನಾಥರಿಗೆ ಬೇರೆ ಯೋಚನೆ ಹೇಗೆ ತಾನೆ ಬಂದೀತು?

"ಮುಚ್ಚುಮರೆ ಬೇಡ, ಡಾಕ್ಟ್ರೇ" ಎಂದರು ಕರಿಬಸವಯ್ಯ. "ನಿಮಗೆ ನೋಡಿದ ಕೂಡ್ಲೇ ಗೊತ್ತಾಯ್ತದೆ ಅಂತಾರೆ. ನಮ್ದು ಹೆಂಗೈತೆ ಹೇಳ್ಬುಡಿ."

"ಬೇಜಾರು ಮಾಡ್ಕೋಬಾರ್ದು ಸಾರ್. ನಿಮ್ದರಲ್ಲಿ ಸ್ಪೈನೇ ಇಲ್ಲ."

"ಇಲ್ವಾ?"

"ಹೊರಗಡೆ ಬಣ್ಣ ಬಳಿದು ಚೆನ್ನಾಗಿ ಕಾಣೋ ಹಾಗೆ ಮಾಡಿದಾರೆ. ಒಳಗೆ ಟೊಳ್ಳು. ಸ್ವಲ್ಪ ಭಾರ ಬಿದ್ರೂ ಬಗ್ಗಿಬಿಡುತ್ತೆ. ಇಂಥದ್ದನ್ನ ನಂಬೋ ಹಾಗಿಲ್ಲ ಸಾರ್. ಗುರಿ ಈ ಕಡೆ ಅಂತ ತೋರಿಸುತ್ತೆ, ಹೋಗೋದು ಆ ಕಡೆಗೆ."

ಕರಿಬಸವಯ್ಯನವರ ದನಿ ಇಳಿಯಿತು. ಪ್ರತಿ ಚುನಾವಣೆಗೂ ಒಂದೊಂದು ಪಕ್ಷ ನೋಡಿದ್ದ ಅವರು ಮತ್ತೊಂದರ ಜೊತೆ ಮಾತುಕತೆ ನಡೆಸುತ್ತಿದ್ದುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. "ಆ ಕಡೆಗೆ ಹೋಯ್ತೀನಿ ಅಂತ ನಿಮಗ್ಯಾರು ಹೇಳಿದ್ದು?"

"ಯಾರು ಹೇಳ್ಬೇಕು ಸಾರ್? ಒಂದು ಸಲ ಕೈಗೆ ತಗೊಂಡ್ರೆ ಗೊತ್ತಾಗುತ್ತೆ."

"ಈಗೇನ್ ಮಾಡದು?"

"ಬಿಸಿ ಮುಟ್ಟಿಸಿದ್ರೂ ಸರಿಹೋಗೋ ಮಾಲಲ್ಲ. ಊರಿನ ಮಕ್ಕಳ ಭವಿಷ್ಯದ ಪ್ರಶ್ನೆ. ದಯವಿಟ್ಟು ವಾಪಸ್ ತಗೊಂಡು ಹೋಗಿ."

ಅರಸೀಕೆರೆಯಿಂದ ಬೇಲೂರಿನವರೆಗೆ ಮೊಬೈಲ್ ಇದ್ದವರೆಲ್ಲ ಆ ರಾತ್ರಿಯೊಳಗೆ ಇದನ್ನು ನೋಡಿ ಮುಗಿಸಿದರು. ಮರುದಿನ ಬೆಳಿಗ್ಗೆ ಎದುರು ಬಣದವರು ಡೋಲು ಹೊಡೆಸಿಕೊಂಡು ಬಂದು "ನಾಡಿನ ಏಕೈಕ ಧೈರ್ಯಶಾಲಿ ವೈದ್ಯರು" ಎಂದು ನೇಮಿನಾಥರಿಗೆ ಶಾಲು ಹೊದೆಸಿದರು. ಹಾಸನದಿಂದ ವರ್ಧಮಾನ್ ಫೋನ್ ಮಾಡಿ, "ಭಾವ, ನಾನು ಐದು ವರ್ಷ ಓದಿದ್ದು ಸುಮ್ನೇನಾ?" ಎಂದು ಅಳುದನಿಯಲ್ಲಿ ಕೇಳಿದ. ನೇಮಿನಾಥರಿಗೆ ಏನಾಗಿದೆ ಎಂದು ಅರ್ಥವಾಗುವ ಹೊತ್ತಿಗೆ ಸರಕಾರಿ ಜೀಪು ಬಂದಿತ್ತು. ಅದರಿಂದ ಆರೋಗ್ಯಾಧಿಕಾರಿ ಡಾಕ್ಟರ್ ಪುಷ್ಪಲತಾ ಇಳಿದರು. ಅದರ ಹಿಂದೆಯೇ ಕ್ಷಮೆ ಕೇಳಿಸುವುದಕ್ಕೆಂದು ಕರಿಬಸವಯ್ಯನವರ ಕಾರು. ಅದರ ಹಿಂದೆ ಊರು.

"ನೀವು ಡಾಕ್ಟರಾ?" ಎಂದು ಪುಷ್ಪಲತಾ ಕೇಳಿದರು.

"ಅಲ್ಲ ಮೇಡಂ."

"ಮತ್ತೆ ಜನ ಹಾಗಂತಾರಲ್ಲ?"

"ನಾನು ಹೌದು ಅಂದಿಲ್ಲ. ಅಲ್ಲ ಅಂತಾನೂ ಅನ್ನಲಿಲ್ಲ, ಅಷ್ಟೇ."

"ಕರಿಬಸವಯ್ಯನೋರಿಗೆ ಸ್ಪೈನ್ ಇಲ್ಲ ಅಂತ ವಿಡಿಯೋದಲ್ಲಿ ಹೇಳಿದೀರಿ."

"ಅಯ್ಯೋ, ಅವರಿಗಲ್ಲ ಮೇಡಂ! ಅವರು ಕೊಡಿಸಿದ ಬಾಣಕ್ಕೆ ಹೇಳಿದ್ದು!"

ಕ್ಷಮೆಗೆಂದು ಎದೆಯುಬ್ಬಿಸಿ ನಿಂತಿದ್ದ ಕರಿಬಸವಯ್ಯನವರ ಮುಖ ಒಮ್ಮೆ ಅರಳಿತು, ಕೂಡಲೇ ಕಂದಿತು. ಬಾಣ ಸರಿಯಿಲ್ಲ ಎಂದರೆ ಬಾಣದ ಬಿಲ್ಲು ಹೊರಗೆ ಬರುತ್ತದೆ. ಬಾಣದ ಬಿಲ್ಲು ಬಂದರೆ ಚೆಂಡಿನ ಬಿಲ್ಲು, ಬ್ಯಾಟಿನ ಬಿಲ್ಲು, ಕೊನೆಗೆ ಭಾಮೈದ. ಅನುಭವಿ ರಾಜಕಾರಣಿಯಾದ ಅವರು ಒಂದು ಕ್ಷಣದಲ್ಲಿ ತಕ್ಕಡಿ ತೂಗಿದರು.

"ಇಲ್ಲ ಮೇಡಂ" ಎಂದರು ಗಂಭೀರವಾಗಿ. "ಡಾಕ್ಟ್ರು ಹೇಳಿದ್ದು ನನಗೇಯ. ಬಾಣ ಎಲ್ಲಾ ಸರಿಯಾಗವೆ. ಸ್ಪೈನ್ ಇಲ್ದೇ ಇರೋದು ನನಗೆ."

ಜನ ಇನ್ನೂ ಹತ್ತಿರಕ್ಕೆ ಒತ್ತಿಕೊಂಡು ಬಂದರು.

"ಜನಸೇವೆ ಮಾಡಿ ಮಾಡಿ ಹೋಯ್ತು" ಎಂದು ಕರಿಬಸವಯ್ಯ ಕಣ್ಣೊರೆಸಿಕೊಂಡರು. ಚೇತನ್‌ಕುಮಾರ್ ಚಪ್ಪಾಳೆ ತಟ್ಟಿದ. ಕೆಲವು ಹೆಂಗಸರು ನಿಜವಾಗಿಯೂ ಅತ್ತರು. ಆ ಗದ್ದಲದಲ್ಲಿ ಕರಿಬಸವಯ್ಯ ನೇಮಿನಾಥರ ಕಿವಿಯ ಹತ್ತಿರ ಬಾಗಿ ಹೇಳಿದರು: "ನೀವು ಡಾಕ್ಟ್ರಾಗೇ ಇರಿ. ಮೇಡಂನ ನಾನು ನೋಡ್ಕತೀನಿ. ಭಾನುವಾರ ಆಯ್ಕೆ ಐತಲ್ಲ, ಅದರ ಕಾರ್ಡಲ್ಲಿ ಡಾಕ್ಟರ್ ನೇಮಿನಾಥ್ ಅಂತಲೇ ಹಾಕಿಸ್ತೀನಿ. ದಪ್ಪಕ್ಷರದಲ್ಲಿ."

ದಪ್ಪಕ್ಷರ ಎಂದಾಗ ನೇಮಿನಾಥರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು. ಅಷ್ಟರಲ್ಲಿ ತ್ರಿಶಾ ಮೇಜಿನ ಕೆಳಗಿನಿಂದ ಆ ಕಟ್ಟನ್ನು ಎಳೆದು ಗಾಜಿನ ಮೇಲೆ ಇಟ್ಟಳು.

"ಅಪ್ಪಾ, ನಾವೆಲ್ಲ ಇದ್ರಲ್ಲೇ ಹೊಡೀಬೇಕು" ಎಂದಳು.

ನೇಮಿನಾಥರು ಶಾಲು ತೆಗೆದು ಮಡಿಸಿದರು. "ನಾನು ಪಾತ್ರೆ ಮಾರೋನು ಮೇಡಂ. ನನಗೆ ಗೊತ್ತಿರೋ ಔಷಧಿ ಚಾಪೆ ಒಂದೇ. ಆದ್ರೆ ಇದು ಗೊತ್ತು" ಎಂದು ಬಾಣವೊಂದನ್ನು ಉರುಳಿಸಿದರು. ಅದು ಟಕಟಕ ನೆಗೆಯುತ್ತಾ ಹೋಗಿ ಅಧಿಕಾರಿಗಳ ಕಾಲಬುಡಕ್ಕೆ ಬಿತ್ತು. ಇನ್ನೊಂದಕ್ಕೆ ಬಟ್ಟು ಹಾಕಿದರು. ಬಟ್ಟು ಬಾಣವನ್ನು ಬಗ್ಗಿಸಿಕೊಂಡು ಮೇಜಿಗೇ ತಾಗಿತು. ಗುಂಪಿನಲ್ಲಿದ್ದ ಜವರಪ್ಪ, "ಥೇಟ್ ನಮ್ಮ ನಾಯಕರಂಗೇ ಐತೆ" ಎಂದ.

ಪುಷ್ಪಲತಾ ಅವರು ಎಲ್ಲವನ್ನೂ ಗಮನವಿಟ್ಟು ನೋಡಿ, "ಬಾಣದ ಸ್ಪೈನ್ ನನ್ನ ಇಲಾಖೆಗೆ ಬರೋದಿಲ್ಲ" ಎಂದು ತೀರ್ಪು ಕೊಟ್ಟರು. "ಮನುಷ್ಯರ ವಿಷಯ ಭಾನುವಾರ ತೀರ್ಮಾನ ಮಾಡ್ತೀನಿ. ಅವತ್ತು ಹೇಗೂ ನಾನು ಮುಖ್ಯ ಅತಿಥಿ."

"ಭಾನುವಾರ ನಾನೇ ಮೊದ್ಲನೇ ಬಾಣ ಬಿಡ್ತೀನಿ. ಇದೇ ಬಾಣ!" ಎಂದು ಕರಿಬಸವಯ್ಯ ಗುಡುಗಿ ಹೊರಟುಹೋದರು.

ಆ ವಾರ ನೇಮಿನಾಥರ ಅಂಗಡಿಗೆ ಬಂದ ಬೆನ್ನುಗಳೆಲ್ಲ ಹಾಗೆಯೇ ವಾಪಸಾದವು. ಅಪ್ಪ ಉರುಳಿಸಿದರು, ಅಮ್ಮ ದೀಪ ಹಿಡಿದಳು, ಅಜ್ಜಿ ಅಳತೆಪಟ್ಟಿ ಓದಿದರು. ತ್ರಿಶಾಳ ಬಾಣಗಳು ಒಂದೇ ಸಮನೆ ಬಾಗುವವರೆಗೂ ಆ ಮನೆಯಲ್ಲಿ ಯಾರೂ ಬೇರೆ ಮಾತಾಡಲಿಲ್ಲ. ಅವುಗಳನ್ನು ಬಳಸಲು ಅಪ್ಪಣೆ ಮಾತ್ರ ಇರಲಿಲ್ಲ.

ಭಾನುವಾರ ಮೈದಾನ ತುಂಬಿತ್ತು. ಬಾಣ ಬಿಡುವ ನಾಯಕರೂ ಬಣ್ಣದ ಪರದೆಯೂ ಒಂದೇ ಫೋಟೋದಲ್ಲಿ ಬರಬೇಕೆಂದು ಚೇತನ್‌ಕುಮಾರ್ ವೇದಿಕೆಯನ್ನು ಗುರಿಹಲಗೆಯ ಪಕ್ಕಕ್ಕೇ, ಬಲಗಡೆಗೆ ಹಾಕಿಸಿದ್ದ. ಅಲ್ಲಿ ಮೆತ್ತನೆಯ ಸೋಫಾಗಳಲ್ಲಿ ಗಣ್ಯರು, ನಡುವೆ ಪುಷ್ಪಲತಾ. ಕರಿಬಸವಯ್ಯನವರು ಹಾರಗಳನ್ನು ತೆಗೆದಿಟ್ಟು, ಕೆಂಪು ಬಣ್ಣದ ಬಾಣವೊಂದನ್ನು ಎತ್ತಿ ಎಲ್ಲರಿಗೂ ತೋರಿಸಿ, ಬಿಲ್ಲಿಗೆ ಹೂಡಿದರು.

ಹಗ್ಗದಾಚೆ ನಿಂತಿದ್ದ ನೇಮಿನಾಥರು ಬಿಲ್ಲನ್ನು ನೋಡಿದರು, ಬಾಣವನ್ನು ನೋಡಿದರು, ವೇದಿಕೆಯನ್ನು ನೋಡಿದರು. ಮೆತ್ತಗಿರುವುದು ಬಲಕ್ಕೆ. ಹಗ್ಗ ಹಾರಿ ಕೈಬೀಸುತ್ತಾ ಓಡಿದರು.

"ಎದ್ದೇಳಿ! ಎಲ್ಲಾರೂ ಎದ್ದೇಳಿ! ಈ ಕಡೆ ಬನ್ನಿ!"

ನಮ್ಮ ಕಡೆಯ ಗಣ್ಯರಿಗೆ ಯಾರಾದರೂ ಎದ್ದೇಳಿ ಎಂದರೆ ನಾಡಗೀತೆ ಇರಬೇಕೆಂದು ಎದ್ದು ನಿಲ್ಲುವ ಒಳ್ಳೆಯ ಅಭ್ಯಾಸವಿದೆ. ಎದ್ದರು, ನೇಮಿನಾಥರು ತೋಳು ಹಿಡಿದು ಎಳೆದದ್ದರಿಂದ ಪಕ್ಕಕ್ಕೂ ಸರಿದರು. ಪುಷ್ಪಲತಾ ಅವರನ್ನು ಎಳೆದು ನಿಲ್ಲಿಸಿದ್ದೇ ತಡ, ಬಾಣ ಅಲ್ಲಾಡುತ್ತಾ, ಯೋಚಿಸುತ್ತಾ, ಬಲಕ್ಕೆ ಹೊರಳಿಕೊಂಡು ಬಂದು ಅವರ ಸೋಫಾದ ಬೆನ್ನಿಗೆ ಚಕ್ಕೆಂದು ನಾಟಿತು. ಸರಿಯಾಗಿ ನಟ್ಟನಡುವೆ, ಅವರ ಬೆನ್ನುಮೂಳೆ ಒರಗಿದ್ದ ಜಾಗದಲ್ಲಿ.

ಪುಷ್ಪಲತಾ ಆ ಬಾಣವನ್ನು ಮುಟ್ಟಿ ನೋಡಿದರು. "ನೇಮಿನಾಥರೇ, ಸ್ಪೈನ್ ನೋಡೋದನ್ನ ಬಿಡ್ಬೇಡಿ" ಎಂದರು. "ಮನುಷ್ಯರದ್ದು ಮಾತ್ರ ಬೇಡ." ಆಮೇಲೆ ಮೇಷ್ಟರನ್ನು ಕರೆದು, ಮಕ್ಕಳೆಲ್ಲ ಅವರವರ ಬಾಣದಲ್ಲೇ ಹೊಡೆಯಲಿ, ಇದು ನೇರವಾಗಿ ಸಾರ್ವಜನಿಕ ಆರೋಗ್ಯದ ಪ್ರಶ್ನೆ, ನನ್ನ ಇಲಾಖೆಗೇ ಬರುತ್ತದೆ ಎಂದರು. ಅಂದು ಮಧ್ಯಾಹ್ನ ತ್ರಿಶಾ ಗುರಿಹಲಗೆಯನ್ನು ತಟ್ಟಿ, ಹಿಂದಕ್ಕೆ ಬಂದು ಬಿಟ್ಟ ಬಾಣಗಳೆಲ್ಲ ಒಂದರ ಪಕ್ಕ ಒಂದು ಗುಂಪಾಗಿ ನಾಟಿಕೊಂಡವು. ಅವಳು ತಂಡಕ್ಕೆ ಆಯ್ಕೆಯಾದಳು.

ಆದರೆ ಅದು ಮಧ್ಯಾಹ್ನದ ಮಾತು. ಬೆಳಿಗ್ಗೆ, ಆ ಕ್ಷಣದಲ್ಲಿ, ಬಾಣ ಎಲ್ಲಿ ಹೋಯಿತೆಂದು ಕರಿಬಸವಯ್ಯನವರು ನೋಡಿರಲೇ ಇಲ್ಲ. ಅವರಿಗೆ ಕಂಡದ್ದು ಇಷ್ಟೇ: ತಾವು ಬಾಣ ಬಿಟ್ಟ ಕೂಡಲೇ ವೇದಿಕೆಯ ಮೇಲಿದ್ದವರೂ ಮೈದಾನದಲ್ಲಿದ್ದವರೂ ಒಟ್ಟಿಗೆ ಎದ್ದು ನಿಂತಿದ್ದಾರೆ. ಇಂಥ ಗೌರವವನ್ನು ಅವರು ಯಾವ ಪಕ್ಷದಲ್ಲಿದ್ದಾಗಲೂ ಕಂಡಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

"ಕೂತ್ಕಳಿ, ಕೂತ್ಕಳಿ" ಎಂದು ವಿನಯದಿಂದ ಕೈಮುಗಿದರು.

ಯಾರೂ ಕೂರಲಿಲ್ಲ. ಅವರು ಇನ್ನೊಂದು ಬಾಣ ಎತ್ತಿಕೊಳ್ಳುತ್ತಿದ್ದರು.